ರಿವಾಲ್ವರಿನ ಮೊನೆ

ಹಲ್ಲಿನ ಡಾಕ್ಟರು ರಿವಾಲ್ವರಿನ ಗುಂಡು ತುಂಬುವ ಸಿಲಿಂಡರನ್ನು ಪಕ್ಕಕ್ಕೆ ತೆರೆದು ಮೂತಿಯನ್ನು ಮೇಲಕ್ಕೆತ್ತಿದ್ದೇ ತಡ, ಒಂದು ಗುಂಡು ಜಾರಿ ಮೇಜಿನ ಮೇಲೆ ಬಿತ್ತು. ಉರುಳುತ್ತಾ ಹೋಗಿ ಅಲ್ಲಿದ್ದ ಎರಡು ಅರ್ಜಿಗಳ ಮೇಲೆ ನಿಂತಿತು. ‘ಖಾಲಿ ಇದೆ, ಧೈರ್ಯವಾಗಿ ನೋಡಿ’ ಎಂದು ಈಗಷ್ಟೇ ಕೈಗೆ ಕೊಟ್ಟಿದ್ದ ಆ ಮನೆಯ ಮಗ ಪೆಚ್ಚಾಗಿ ಕತ್ತು ಕೆರೆದುಕೊಂಡ.

“ಇದೇನಪ್ಪಾ ಖಾಲಿ ಅಂದ್ರೆ?” ಎಂದರು ಡಾಕ್ಟರು. ದನಿ ಏರಿಸಲಿಲ್ಲ. ನಲವತ್ತು ವರ್ಷ ಹಲ್ಲು ಕಿತ್ತವರಿಗೆ ಮೆಲ್ಲಗೆ ಮಾತಾಡುವ ಅಭ್ಯಾಸ.

“ಅಪ್ಪ ಮರೆತು ಬಿಟ್ಟಿರಬೇಕು ಸಾರ್.”

ಸುಳ್ಳು. ಅಪ್ಪ ತೀರಿಕೊಂಡು ಐದು ತಿಂಗಳಾಗಿತ್ತು. ಬದುಕಿದ್ದಷ್ಟು ದಿನವೂ ಬಂದೂಕು ರಿಪೇರಿ ಮಾಡಿಕೊಂಡಿದ್ದ ಮನುಷ್ಯ ಗುಂಡು ತುಂಬಿದ ರಿವಾಲ್ವರನ್ನು ಕಪಾಟಿನಲ್ಲಿಟ್ಟು ಮರೆಯುವ ಪೈಕಿಯವನಲ್ಲ. ಆ ಗುಂಡು ಒಳಗೆ ಹೋದದ್ದು ಹನ್ನೊಂದು ದಿನದ ಹಿಂದೆ. ಕೋಣೆಯಲ್ಲಿದ್ದ ನಾಲ್ಕು ಜನರಲ್ಲಿ ಡಾಕ್ಟರನ್ನು ಬಿಟ್ಟು ಮೂವರಿಗೂ ಅದು ಈಗ ಅರ್ಥವಾಯಿತು. ಬಾಗಿಲ ಬಳಿ ನಿಂತಿದ್ದ ಸೊಸೆ ಚೌಕಟ್ಟನ್ನು ಹಿಡಿದುಕೊಂಡಳು.

ಮೇಜಿನ ಎದುರು ಗಂಡನ ಕುರ್ಚಿಯಲ್ಲಿ ಕುಳಿತಿದ್ದ ತಾಯಿ ಮಾತ್ರ ಅಲುಗಲಿಲ್ಲ. ಗುಂಡನ್ನು ಎರಡು ಬೆರಳಲ್ಲಿ ಎತ್ತಿ, ಅಂಗಿಯಿಂದ ಬಿದ್ದ ಗುಂಡಿಯನ್ನು ಎತ್ತಿಕೊಟ್ಟಷ್ಟು ಸಲೀಸಾಗಿ ಡಾಕ್ಟರ ಕೈಗೆ ಹಾಕಿದಳು. “ಇರ್ಲಿ ಬಿಡಿ, ನೋಡೋದು ನೋಡಿ,” ಎಂದಳು.

ನೋಡಲಿಕ್ಕೆ ಬಹಳ ದಿನ ಉಳಿದಿರಲಿಲ್ಲ. ಲೈಸೆನ್ಸು ಸತ್ತವನ ಹೆಸರಿನಲ್ಲಿತ್ತು. ಒಂದೋ ಮಗನ ಹೆಸರಿಗೆ ಮಾಡಿಸಿಕೊಳ್ಳಿ, ಇಲ್ಲವೋ ಲೈಸೆನ್ಸ್ ಇದ್ದವರಿಗೆ ಮಾರಿ, ತಿಂಗಳ ಕೊನೆಯೊಳಗೆ ಎರಡರಲ್ಲೊಂದು ಆಗಬೇಕು ಎಂದು ಕಚೇರಿಯವರು ಎರಡು ಅರ್ಜಿ ಕೊಟ್ಟು ಕಳಿಸಿದ್ದರು. ಯಾವುದಾದರೂ ಸರಿ, ಸತ್ತವನ ಹೆಂಡತಿಯ ಸಹಿ ಇಲ್ಲದೆ ನಡೆಯುವಂತಿರಲಿಲ್ಲ. ಹೀಗಾಗಿ ಜೀವಮಾನದಲ್ಲಿ ಮೊದಲ ಸಲ ಈ ಮನೆಯ ಒಂದು ತೀರ್ಮಾನ ಅವಳ ಪೆನ್ನಿನ ತುದಿಗೆ ಬಂದಿತ್ತು.

ಮಗನಿಗೆ ಅದು ಬೇಕೇ ಬೇಕು. ಗುಜರಿಯಲ್ಲಿ ತುಕ್ಕಿನ ಮುದ್ದೆಯಾಗಿ ಬಿದ್ದಿದ್ದನ್ನು ಅಪ್ಪ ತಂದು, ಮೂರು ವರ್ಷ ಕೂತು, ಒಂದೊಂದೇ ಭಾಗವನ್ನು ತಿಕ್ಕಿ, ಕೆಟ್ಟದ್ದನ್ನು ಹೊಸದಾಗಿ ಮಾಡಿ, ನೀಲಿ ಮೆರುಗು ಕೊಟ್ಟು ನಿಲ್ಲಿಸಿದ್ದ. ನೂರು ವರ್ಷ ದಾಟಿದ ಆ ರಿವಾಲ್ವರನ್ನು ನೋಡಲೆಂದೇ ಜನ ಅಂಗಡಿಗೆ ಬರುತ್ತಿದ್ದರು. ಸೊಸೆಗೆ ಅದು ಮನೆಯಿಂದ ಹೋದರೆ ಸಾಕು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ಈ ಡಾಕ್ಟರು ಅಲ್ಲಿಯ ಗಿರಾಕಿ, ಹಳೆಯ ರಿವಾಲ್ವರುಗಳೆಂದರೆ ಪ್ರಾಣ ಬಿಡುವವರು, ಲೈಸೆನ್ಸೂ ಇತ್ತು. ಅವರನ್ನು ಕರೆಸಿದವಳು ಅವಳೇ. ‘ನೋಡಿದ್ರೆ ಏನು ಸವೆದು ಹೋಗುತ್ತಾ, ಬರ್ಲಿ’ ಎಂದು ತಾಯಿ ಒಪ್ಪಿದ್ದಳು. ಆದರೆ ಇಟ್ಟುಕೊಳ್ಳುವ ಅರ್ಜಿಗೇ ಸಹಿ ಹಾಕುವುದಾಗಿ ನಿನ್ನೆಯೇ ಮಗನಿಗೆ ಹೇಳಿಯಾಗಿತ್ತು. ಅದು ಸೊಸೆಗೂ ಕೇಳಿಸಿತ್ತು.

ಸೊಸೆ ಅತ್ತೆಯ ಜೊತೆ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ಮಗ ಲಿಫ್ಟ್ ಮೆಕ್ಯಾನಿಕ್. ಅವತ್ತು ಕೆಲಸಕ್ಕೆ ಚಕ್ಕರ್ ಹೊಡೆದು, ಯಾವುದೋ ಕಟ್ಟಡದ ಆರನೇ ಮಹಡಿಯಲ್ಲಿ ನೇತಾಡುತ್ತಿದ್ದೇನೆ ಎಂದು ಮೇಲಧಿಕಾರಿಗಳಿಗೆ ಹೇಳಿ ಮನೆಯಲ್ಲಿ ಮಲಗಿದ್ದ. ಅವರು ಮನೆಗೆ ಫೋನ್ ಮಾಡಿದಾಗ ಎತ್ತಿದ ಹೆಂಡತಿ, ಪಾಪ, ‘ಮಲಗಿದಾರೆ, ಎಬ್ಬಿಸ್ಲಾ?’ ಎಂದುಬಿಟ್ಟಳು. ಅವನನ್ನು ಒಂದು ವಾರ ಕೆಲಸದಿಂದ ಹೊರಗಿಟ್ಟರು. ಮೂಗಿನ ತುದಿಯಲ್ಲೇ ಕೋಪ ಇರುವ ಪ್ರಾಣಿ, ಮಧ್ಯಾಹ್ನ ಊಟದ ತಟ್ಟೆಯ ಮುಂದಿನಿಂದ ಎದ್ದವನು ಕಪಾಟು ತೆಗೆದು ರಿವಾಲ್ವರನ್ನು ತಂದು ಅವಳ ಮುಖಕ್ಕೆ ಹಿಡಿದ. ಎಡಗೈ ಜೇಬಿನಲ್ಲಿತ್ತು. ತಾಯಿ ಮೂಲೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ‘ಅತ್ತೆ, ಅತ್ತೆ’ ಎಂದು ಎರಡು ಸಲ ಕರೆದ ಸೊಸೆಗೆ ಅವಳು ತಲೆ ಎತ್ತಿ ಹೇಳಿದ್ದು ಇಷ್ಟೇ: ‘ಓಡಬೇಡ. ಓಡಿದ್ರೆ ಅವನಿಗೆ ಇನ್ನೂ ರೇಗುತ್ತೆ. ಅದು ಏನೂ ಮಾಡಲ್ಲ, ಸುಮ್ನೆ ನಿಂತ್ಕೋ.’ ಹೇಳಿ ಮುಂದಿನ ಬಟಾಣಿ ಕಾಯಿಗೆ ಕೈ ಹಾಕಿದ್ದಳು. ಸೊಸೆ ನಿಂತಳು. ಮಗ ಸ್ವಲ್ಪ ಹೊತ್ತಾದ ಮೇಲೆ ಕೈ ಇಳಿಸಿ, ‘ತಮಾಷೆ ಮಾಡ್ದೆ’ ಎಂದು ಹೋಗಿ ಮತ್ತೆ ಮಲಗಿದ.

ಕಲ್ಲೆದೆಯ ಹೆಂಗಸು ಎಂದು ಸೊಸೆ ಅಂದುಕೊಂಡಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತಾಯಿಗೆ ಕಲ್ಲೆದೆ ಇರಲಿಲ್ಲ. ಅವಳಿಗೆ ಒಂದು ವಿಷಯ ಗೊತ್ತಿತ್ತು, ಅಷ್ಟೇ. ಆ ರಿವಾಲ್ವರ್ ಸತ್ತಿತ್ತು. ಅದನ್ನು ಕೊಂದವಳು ಅವಳೇ.

ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಗಂಡ ಅವಳ ಎದೆಗೆ ಅದನ್ನು ಹಿಡಿದಿದ್ದ. ಬಂದೂಕಿನ ಮರದ ಹಿಡಿಗೆ ಜಾರದಂತೆ ಸಣ್ಣ ಗೆರೆಗಳನ್ನು ಕೊರೆಯುವುದು ಅಂಗಡಿಯಲ್ಲಿ ಅವಳ ಕೆಲಸ. ದೊಡ್ಡ ಗಿರಾಕಿಯೊಬ್ಬನ ಹಿಡಿಯ ಮೇಲೆ ಒಂದು ಗೆರೆ ಸೊಟ್ಟಗೆ ಹೋಗಿತ್ತು. ಮಾತಿಗೆ ಮಾತು ಬೆಳೆಯಿತು. ಅವನು ಎದ್ದು ನಿಂತ, ಎಡಗೈಯನ್ನು ಜೇಬಿಗೆ ಇಳಿಸಿ, ಬಲಗೈಯಲ್ಲಿ ಅದನ್ನು ಎತ್ತಿದ. ಒಂಬತ್ತು ವರ್ಷದ ಮಗ ಹೋಂವರ್ಕ್ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆಮೇಲೆ ಗಂಡನೂ ತಮಾಷೆ ಎಂದೇ ಹೇಳಿದ್ದ.

ಮಾರನೆಯ ದಿನ ಅವನು ಸಾಮಾನು ತರಲು ಹೋದಾಗ ಅವಳು ಉಜ್ಜಿ ಸವೆಸುವ ತನ್ನ ಅತಿ ಸಣ್ಣ ಅರವನ್ನು ತೆಗೆದುಕೊಂಡಳು. ಟ್ರಿಗರ್ ಎಳೆದರೆ ಹಿಂದಿನ ಹ್ಯಾಮರ್ ಬಂದು ಬಡಿಯುತ್ತದೆ, ಅದರ ಮೂತಿಯಲ್ಲಿರುವ ಮೊನೆ ಗುಂಡಿನ ತಳಕ್ಕೆ ಕುಟ್ಟುತ್ತದೆ, ಆಗ ಗುಂಡು ಹಾರುತ್ತದೆ. ಮೊನೆ ಒಂದು ಕೂದಲೆಳೆ ಕುಳ್ಳಾದರೂ ಗುಂಡು ಹಾರುವುದಿಲ್ಲ. ಇದನ್ನೆಲ್ಲಾ ಅವಳಿಗೆ ಕಲಿಸಿದವನು ಅವನೇ. ಆ ಮೊನೆಯನ್ನು ಏಳು ಸಲ ಉಜ್ಜಿದಳು. ಬಿದ್ದ ಪುಡಿಯನ್ನು ಸೆರಗಿನಿಂದ ಒರೆಸಿ, ಎಲ್ಲಿತ್ತೋ ಅಲ್ಲೇ ಇಟ್ಟಳು. ಆಮೇಲೆ ಒಂದು ದಿನವೂ ಅದನ್ನು ಮುಟ್ಟಲಿಲ್ಲ.

ಅವನು ಪ್ರತಿ ಭಾನುವಾರ ಅದನ್ನು ಬಿಚ್ಚಿ ಎಣ್ಣೆ ಹಾಕುತ್ತಿದ್ದ. ಪಕ್ಕದ ಕೋಣೆಯಲ್ಲಿ ಸ್ಪ್ರಿಂಗ್ ಸಡಿಲವಾದರೆ ಸದ್ದಿನಲ್ಲೇ ಹೇಳುವ ಮನುಷ್ಯನಿಗೆ ಮೊನೆ ಕುಳ್ಳಾದದ್ದು ಕಾಣದೆ ಹೋಗುತ್ತದೆಯೇ? ಮೊದಲ ಭಾನುವಾರ ಅವಳು ಉಸಿರು ಬಿಗಿಹಿಡಿದು ಕಾದಳು. ಅವನು ತುಟಿ ಪಿಟಕ್ಕೆನ್ನಲಿಲ್ಲ. ಎರಡನೆಯ ಭಾನುವಾರವೂ ಇಲ್ಲ. ಮತ್ತೆ ಯಾವತ್ತೂ ಅವಳ ಕಡೆಗೆ ಅದನ್ನು ಎತ್ತಲೂ ಇಲ್ಲ. ಅವನಿಗೆ ಗೊತ್ತಾಗಿದೆ, ಗೊತ್ತಾಗಿಯೂ ಹಾಗೇ ಬಿಟ್ಟಿದ್ದಾನೆ, ಬಾಯಲ್ಲಿ ಕ್ಷಮೆ ಕೇಳಲಾರದವನು ಹೀಗೆ ಕೇಳುತ್ತಿದ್ದಾನೆ ಎಂದು ಅವಳು ತಿಳಿದಳು. ಆ ತಿಳುವಳಿಕೆಯ ಮೇಲೆ ಅವನ ಜೊತೆ ಹೆಚ್ಚುಕಡಿಮೆ ಇಪ್ಪತ್ತೆರಡು ವರ್ಷ ಬಾಳಿದಳು, ಕಡೆಯ ಆರು ತಿಂಗಳು ಅವನು ಹಾಸಿಗೆಯಲ್ಲಿದ್ದಾಗ ಹೇಲು-ಉಚ್ಚೆ ಬಾಚಿದಳು, ಸತ್ತಾಗ ಮನಸಾರೆ ಅತ್ತಳು. ರಿವಾಲ್ವರನ್ನು ಮಾರಲು ಮನಸ್ಸು ಬಾರದ್ದು ಇದಕ್ಕೇ. ಬೇರೆಯವರಿಗೆ ಅದು ಹಳೆಯ ಆಯುಧ. ಅವಳಿಗೆ ಗಂಡ ಕೇಳಿದ ಏಕೈಕ ಕ್ಷಮೆ.

ಈಗ ಡಾಕ್ಟರು ಚೀಲದಿಂದ ಉದ್ದ ಕಡ್ಡಿಯ ಪುಟ್ಟ ಕನ್ನಡಿ ತೆಗೆದು ನಳಿಕೆಯೊಳಗೆ ಬೆಳಕು ಬಿಟ್ಟು ನೋಡುತ್ತಿದ್ದರು. “ಬಾಯಿ ತೆಗಿ ಅನ್ನೋದೊಂದು ಬಾಕಿ,” ಎಂದು ತಾವೇ ನಕ್ಕರು. ಬೇರೆ ಯಾರೂ ನಗಲಿಲ್ಲ. “ಒಳಗೆ ಒಂದು ಹುಳುಕಿಲ್ಲ. ನಿಮ್ಮೆಜಮಾನ್ರು ದೊಡ್ಡ ಕೆಲಸಗಾರ್ರು ಕಣಮ್ಮ.”

“ಅದಕ್ಕೇ ಸಾರ್ ಮಾರಲ್ಲ ಅಂದಿದ್ದು,” ಎಂದ ಮಗ. “ನೀವು ಸುಮ್ನೆ ಅಲ್ಲಿಂದ ಇಲ್ಲೀವರೆಗೆ ಬಂದ್ರಿ. ಇವಳಿಗೆ ಹೇಳಿದ್ರೆ ಕೇಳ್ಬೇಕಲ್ಲ.”

“ಬರೀ ನೋಡಿದ್ರೂ ನನಗೆ ಖುಷೀನೇ. ಒಂದು ಪೆನ್ಸಿಲ್ ಇದ್ರೆ ಕೊಡ್ತೀರಾ? ಹಿಂದೆ ರಬ್ಬರ್ ಇರೋದು.”

ಸೊಸೆ ಒಳಗಿನಿಂದ ಪೆನ್ಸಿಲ್ ತಂದು, ಗಂಡನನ್ನು ಸುತ್ತುಬಳಸಿ ಹೋಗಿ ಕೊಟ್ಟಳು. ಯಾಕೆ ಎಂದು ಮಗ ಕೇಳಿದ. ಗುಂಡು ಹಾಕದೆಯೇ ಮೊನೆ ಕುಟ್ಟುತ್ತದೋ ಇಲ್ಲವೋ ನೋಡುವ ಉಪಾಯ ಇದು ಎಂದರು ಡಾಕ್ಟರು. ಖಾಲಿ ಸಿಲಿಂಡರನ್ನು ಎರಡೆರಡು ಸಲ ಪರೀಕ್ಷಿಸಿ ಮುಚ್ಚಿ, ಮೂತಿಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಪೆನ್ಸಿಲನ್ನು ರಬ್ಬರ್ ಕೆಳಗಾಗಿ ನಳಿಕೆಯೊಳಗೆ ಇಳಿಬಿಟ್ಟರು. “ಟ್ರಿಗರ್ ಎಳೆದಾಗ ಮೊನೆ ಸರಿಯಾಗಿದ್ರೆ ಪೆನ್ಸಿಲ್ ಮೇಲಕ್ಕೆ ಹಾರುತ್ತೆ. ಸವೆದಿದ್ರೆ ಮಿಸುಕಲ್ಲ.”

ತಾಯಿಗೆ ಹೆದರಿಕೆಗಿಂತ ಹೆಚ್ಚಾಗಿ ಒಂದು ಬಗೆಯ ಬಿಡುಗಡೆ ಅನ್ನಿಸಿತು. ಮಗನಿಗೆ ಗೊತ್ತಾದರೆ ಸರಿಮಾಡಿಸಿಯಾನು ಎಂದು ಇಷ್ಟು ದಿನ ಸೊಸೆಯ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಈಗ ಗುಟ್ಟು ಹೊರಗೆ ಬೀಳುವುದಾದರೆ ಬೀಳಲಿ. ಹೇಗೂ ಅದನ್ನು ಸರಿಮಾಡಬಲ್ಲ ಕೈ ಊರಿನಲ್ಲಿ ಒಂದೇ ಇತ್ತು, ಅದು ಹೋಯಿತು ಎಂದು ಈಗ ಹೊಳೆಯಿತು. ಪೆನ್ಸಿಲ್ ಅಲ್ಲಾಡುವುದಿಲ್ಲ. ಡಾಕ್ಟರು ಹುಬ್ಬೇರಿಸುತ್ತಾರೆ. ಆಗ ಎಲ್ಲವನ್ನೂ ಹೇಳಿಬಿಡುತ್ತೇನೆ. ಅವತ್ತು ಯಾಕೆ ಬಟಾಣಿ ಸುಲಿಯುತ್ತಾ ಕೂತಿದ್ದೆ ಎಂದು ಈ ಹುಡುಗಿಗೆ ಅರ್ಥವಾಗುತ್ತದೆ. ನಾಳೆಯಿಂದ ಮನೆಯಲ್ಲಿ ಮತ್ತೆ ಮಾತು ಶುರುವಾಗುತ್ತದೆ. ಹೀಗೆಲ್ಲಾ ಲೆಕ್ಕ ಹಾಕಿ ಅವಳು ಸೊಸೆಯ ಕಡೆ ನೋಡಿ ಸಣ್ಣಗೆ ನಕ್ಕಳು ಕೂಡ. ಸೊಸೆ ಮುಖ ತಿರುಗಿಸಿದಳು.

ಡಾಕ್ಟರು ಟ್ರಿಗರ್ ಎಳೆದರು. ಟಕ್ ಎಂದಿತು. ಪೆನ್ಸಿಲ್ ನಳಿಕೆಯಿಂದ ಚಿಮ್ಮಿ, ಅವರ ತಲೆಯ ಎತ್ತರ ದಾಟಿ, ಮೇಜಿನ ಆಚೆ ಬಿದ್ದು ಗೋಡೆಯವರೆಗೂ ಉರುಳಿತು.

“ಆಹಾ,” ಎಂದರು ಡಾಕ್ಟರು.

“ಇನ್ನೊಂದು ಸಲ ಮಾಡಿ,” ಎಂದಳು ತಾಯಿ.

“ಚೆನ್ನಾಗಿದೆಯಮ್ಮ, ಮತ್ತೆ ಬೇಕಾಗಿಲ್ಲ.”

“ಮಾಡಿ.”

ಮಾಡಿದರು. ಪೆನ್ಸಿಲ್ ಮತ್ತೆ ಹಾರಿತು. ಮೂರನೆಯ ಸಲವೂ ಮಾಡಿಸಿದಳು. ಮೂರನೆಯ ಸಲ ಅದು ಅವಳ ಮಡಿಲಿಗೇ ಬಂದು ಬಿತ್ತು, ಅವಳು ಎತ್ತಿಕೊಡಲಿಲ್ಲ.

“ಮೊನೆ ಹಳೇದೇನಾ ಅದು?” ಎಂದು ಕೇಳಿದಳು.

ಡಾಕ್ಟರು ಹ್ಯಾಮರನ್ನು ಹಿಂದಕ್ಕೆ ಸರಿಸಿ, ಕಣ್ಣಿಗೆ ಭೂತಗನ್ನಡಿ ಹಚ್ಚಿ ಬಾಗಿದರು. ತಾನು ಮಾಡಿದ ಪ್ರತಿ ಬಿಡಿಭಾಗದ ಮರೆಯ ಬದಿಗೆ ಸೂಜಿಯಿಂದ ತಿಂಗಳು, ವರ್ಷ ಗೀರಿಡುವುದು ಗಂಡನ ಪದ್ಧತಿಯಾಗಿತ್ತು. ಮುಂದೆ ಯಾರಾದರೂ ಬಿಚ್ಚಿದರೆ ಯಾವುದು ಅಸಲು, ಯಾವುದು ತನ್ನದು ಎಂದು ತಿಳಿಯಲಿ, ಮೋಸ ಆಗಬಾರದು ಎನ್ನುತ್ತಿದ್ದ. ಆ ವಿಷಯದಲ್ಲಿ ಬಹಳ ಪ್ರಾಮಾಣಿಕ.

“ಅಲ್ಲಮ್ಮ, ಇದು ಆಮೇಲೆ ಕೂರಿಸಿದ್ದು. ಎಂಥಾ ಕೆಲಸ ನೋಡಿ, ಬೆಸುಗೆ ಎಲ್ಲಿದೆ ಅಂತ ಗೊತ್ತಾಗಲ್ಲ. ಪಕ್ಕದಲ್ಲಿ ಏನೋ ಗೀರಿದೆ, ತಡೀರಿ.” ಅವರು ತಿಂಗಳು ಓದಿದರು. ವರ್ಷ ಓದಿದರು.

ಇಪ್ಪತ್ತೆರಡು ವರ್ಷದ ಹಿಂದಿನ ಅದೇ ವರ್ಷ. ಅದೇ ತಿಂಗಳು.

ಅಂದರೆ ಮೊದಲ ಭಾನುವಾರವೋ, ಎರಡನೆಯದೋ. ಅವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದ ಹೊತ್ತಿನಲ್ಲೇ ಅವನು ಅಂಗಡಿಯಲ್ಲಿ ಕೂತು ಹೊಸ ಮೊನೆ ಮಾಡಿದ್ದ. ಬೈಯಲಿಲ್ಲ, ಕೇಳಲಿಲ್ಲ, ಸುಮ್ಮನೆ ಸರಿಮಾಡಿ ತಂದು ಕಪಾಟಿನಲ್ಲಿಟ್ಟ. ಕೆಟ್ಟ ವಸ್ತುವನ್ನು ಹಾಗೇ ಬಿಡಲು ಕೈ ಕೇಳದೆ ಮಾಡಿದನೋ, ಬೇಕಾದಾಗ ಇರಲಿ ಎಂದು ಮಾಡಿದನೋ, ಯಾರನ್ನು ಕೇಳುವುದು? ಕ್ಷಮೆ ಎಂದುಕೊಂಡು ಇಷ್ಟು ವರ್ಷ ಜೋಪಾನ ಮಾಡಿದ್ದು ಕಪಾಟಿನಲ್ಲಿ ಇರಲೇ ಇಲ್ಲ. ಅಲ್ಲಿದ್ದದ್ದು ರಿವಾಲ್ವರು.

ಮಗನಿಗೆ ಹಿಗ್ಗೋ ಹಿಗ್ಗು. “ನೋಡ್ದ್ಯಾ ಅಮ್ಮ ಅಪ್ಪನ ಕೈ?” ಎನ್ನುತ್ತಾ ಡಾಕ್ಟರ ಕೈಯಿಂದ ರಿವಾಲ್ವರನ್ನು ತೆಗೆದುಕೊಂಡ. ಎದೆ ಸೆಟೆಸಿ ನಿಂತು, ಎಡಗೈಯನ್ನು ಜೇಬಿಗಿಳಿಸಿ, ಬಲಗೈ ಚಾಚಿ ಕಿಟಕಿಗೆ ಗುರಿ ಹಿಡಿದ. ಅಲ್ಲಿಂದ ಗೋಡೆಯ ಗಡಿಯಾರಕ್ಕೆ. ಗಡಿಯಾರದಿಂದ ಮೂತಿ ಮೆಲ್ಲಗೆ ಬಾಗಿಲ ಕಡೆ ಸರಿಯಿತು. ಬಾಗಿಲಲ್ಲಿ ಅವನ ಹೆಂಡತಿ ಇದ್ದಳು. ಅವಳು ಓಡಲಿಲ್ಲ. ಬೆನ್ನನ್ನು ಚೌಕಟ್ಟಿಗೆ ಒತ್ತಿಕೊಂಡು ಅಲುಗದೆ ನಿಂತಳು, ಅತ್ತೆ ಹೇಳಿಕೊಟ್ಟಿದ್ದ ಹಾಗೆಯೇ.

ಕುರ್ಚಿ ಹಿಂದಕ್ಕೆ ಬಿತ್ತು. ಮಂಡಿನೋವಿನ ಹೆಂಗಸು ಅಷ್ಟು ಬೇಗ ಹೇಗೆ ಎದ್ದಳೋ, ಸೊಸೆಯ ಮುಂದೆ ಅಡ್ಡ ನಿಂತಿದ್ದಳು.

“ಕೆಳಗಿಡು,” ಎಂದಳು.

“ಖಾಲಿ ಇದೆ ಅಮ್ಮ. ಗುಂಡು ಅವರ ಹತ್ರಾನೇ ಇದೆ.”

“ಅವತ್ತು ಇತ್ತಲ್ಲ. ಕೆಳಗಿಡು.”

ಡಾಕ್ಟರು ಇಬ್ಬರನ್ನೂ ನೋಡಿದರು. ಕೈಯಲ್ಲಿದ್ದ ಗುಂಡನ್ನು ನೋಡಿದರು. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು ಜೇಬಿನ ಗುಂಡಿ ಹಾಕಿದರು.

“ಎಲ್ರ ಮುಂದೆ ಹೇಳ್ಬೇಕಾ ಅದನ್ನ?” ಮಗನ ಕಿವಿ ಕೆಂಪಾಯಿತು. ಕೈ ಇಳಿಯಲಿಲ್ಲ. “ಆಟಕ್ಕೆ ಹಿಡಿದೆ ಅಂತ ಅವತ್ತೇ ಹೇಳಿಲ್ವಾ? ಹೊಡೀತಿದ್ನಾ ನಾನು?”

“ಗೊತ್ತಿಲ್ಲ ಕಣೋ. ನಿಮ್ಮಪ್ಪ ಹೊಡೀತಿದ್ರಾ ಅನ್ನೋದೂ ನನಗೆ ಗೊತ್ತಿಲ್ಲ. ಗೊತ್ತು ಅಂದ್ಕೊಂಡಿದ್ದೆ.”

ಮಗನ ಬೆರಳು ಟ್ರಿಗರಿನ ಮೇಲೇ ಇತ್ತು. ಖಾಲಿ ಎಂದು ಗೊತ್ತಿದ್ದೂ ತಾಯಿಯ ಕಣ್ಣು ಆ ಬೆರಳನ್ನು ಬಿಟ್ಟು ಬರಲಿಲ್ಲ. ಹಿಂದಿನಿಂದ ಸೊಸೆಯ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಕೊನೆಗೆ ಅವನು ಥತ್ ಎಂದು ರಿವಾಲ್ವರನ್ನು ಮೇಜಿನ ಮೇಲೆ ಒಗೆದ. ಡಾಕ್ಟರು ತಕ್ಷಣ ಅದನ್ನು ಎಳೆದುಕೊಂಡು ಸಿಲಿಂಡರ್ ತೆರೆದು ತಮ್ಮ ಮುಂದಿಟ್ಟುಕೊಂಡರು.

ತಾಯಿ ಕುರ್ಚಿ ಎತ್ತಿಕೊಳ್ಳಲಿಲ್ಲ. ನಿಂತೇ ಎರಡು ಅರ್ಜಿಗಳಲ್ಲಿ ಮಾರುವ ಅರ್ಜಿಯನ್ನು ಮುಂದಕ್ಕೆಳೆದು ಸಹಿ ಹಾಕಿದಳು. “ಇವತ್ತೇ ತಗೊಂಡು ಹೋಗ್ಬಿಡಿ ಡಾಕ್ಟ್ರೇ. ನಿಮಗೆಷ್ಟು ಸರಿ ಅನ್ಸುತ್ತೋ ಕೊಡಿ.”

“ನೀನೇ ಇಟ್ಕೊಳೋಣ ಅಂದಿದ್ದೆ ನಿನ್ನೆ,” ಎಂದ ಮಗ. ಸಣ್ಣ ಮಗುವಿನ ಹಾಗೆ ಅವನ ಬಾಯಿ ಸೊಟ್ಟಗಾಗಿತ್ತು. “ಅಪ್ಪಂದು ಅಂತ ಈ ಮನೇಲಿ ಇದ್ದಿದ್ದೇ ಅದೊಂದು.”

ಅವಳಿಗೆ ಕನಿಕರವಾಯಿತು. ಆದರೂ ಅರ್ಜಿಯನ್ನು ಡಾಕ್ಟರ ಮುಂದಕ್ಕೆ ತಳ್ಳಿದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ಬೈಕು ಎರಡು ಸಲ ಒದ್ದರೂ ಹತ್ತದೆ, ಮೂರನೆಯ ಸಲ ಹತ್ತಿ, ರಸ್ತೆಯ ತಿರುವಿನವರೆಗೂ ಕೇಳಿಸಿತು. ಡಾಕ್ಟರು ರಿವಾಲ್ವರನ್ನೂ ಅರ್ಜಿಯನ್ನೂ ಚೀಲಕ್ಕೆ ಹಾಕಿಕೊಂಡು, ಕಪಾಟಿನಲ್ಲಿ ಉಳಿದ ಗುಂಡುಗಳ ಡಬ್ಬಿಯನ್ನೂ ಕೇಳಿ ಪಡೆದು, ಇಬ್ಬರಿಗೂ ಕೈ ಮುಗಿದು ಇಳಿದುಹೋದರು.

“ಅವತ್ತು ನೀವು ಕೂತೇ ಇದ್ರಿ,” ಎಂದಳು ಸೊಸೆ. ಹನ್ನೊಂದು ದಿನದ ಮೇಲೆ ಅವಳ ಮೊದಲ ಮಾತು ಅದು. “ಇವತ್ತು ಖಾಲಿ ಇದ್ದಾಗ ಎದ್ದು ಬಂದ್ರಿ.”

ತಾಯಿ ಹೇಳಿದಳು. ಅರ, ಏಳು ಸಲ ಉಜ್ಜಿದ್ದು, ಭಾನುವಾರಗಳು, ಗೀರಿದ್ದ ವರ್ಷ, ಒಂದನ್ನೂ ಬಿಡದೆ. ನಿಂತುಕೊಂಡೇ ಹೇಳಿದಳು, ಕೂರಲು ಅರ್ಹತೆ ಇಲ್ಲದವಳ ಹಾಗೆ. “ಸತ್ತದ್ದು ಅಂದ್ಕೊಂಡು ನಿನ್ನ ಅದರ ಮುಂದೆ ನಿಲ್ಲಿಸಿದೆ. ಓಡ್ತಿದ್ದವಳನ್ನ ಹಿಡಿದು ನಿಲ್ಲಿಸಿದ ಹಾಗೇ ಆಯ್ತು. ಏನಾದ್ರೂ ಆಗಿದ್ರೆ...”

ಬೈಯುತ್ತಾಳೆ ಎಂದು ತಾಯಿ ಕಾದಳು, ಬೈದಿದ್ದರೆ ಹಗುರವಾಗುತ್ತಿತ್ತು. ಸೊಸೆ ಬೈಯಲಿಲ್ಲ.

“ಅದು ಹೋಯ್ತು ಅಂತ ಅವರು ಬದಲಾಗಲ್ಲ ಅತ್ತೆ,” ಎಂದಳು. “ಅಡುಗೆಮನೇಲಿ ಚಾಕು ಇದೆ. ಅವರ ಡಬ್ಬೀಲಿ ಸ್ಪ್ಯಾನರ್ ಇದೆ. ಮಾರಿದ್ರೂ ಮಾರದಿದ್ರೂ ನಾನು ಇವತ್ತು ಅಕ್ಕನ ಮನೆಗೆ ಹೋಗೋಳೇ. ನಾಲ್ಕು ಗಂಟೆಗೆ ಬಸ್ಸು.”

ಸೊಸೆ ಒಳಗೆ ಹೋದಳು. ಮಂಚದ ಮೇಲೆ ಸೂಟ್‌ಕೇಸ್ ಬಿಚ್ಚಿಕೊಂಡಿತ್ತು, ಅರ್ಧ ತುಂಬಿಯೂ ಆಗಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಾಯಿಗೆ, ಅವತ್ತು ಅರ ಹುಡುಕುವ ಬದಲು ತಾನೂ ಒಂದು ಪೆಟ್ಟಿಗೆ ಹುಡುಕಬಹುದಿತ್ತು ಎಂಬುದು ಇಷ್ಟು ವರ್ಷದಲ್ಲಿ ಮೊದಲ ಸಲ ಹೊಳೆಯಿತು. ಮಗನ ಕೈ ಹಿಡಿದು ಹೊರಟಿದ್ದರೆ ಅವನು ಏನು ಕಲಿಯುತ್ತಿದ್ದನೋ. ಅವಳು ತನ್ನ ಕೋಣೆಗೆ ಹೋಗಿ ಅಲಮಾರಿಯ ಮುಂದೆ ತುಸು ಹೊತ್ತು ನಿಂತಳು.

ತಿರುಗಿ ಬಂದಾಗ ಅವಳ ಕೈಯಲ್ಲಿ ಎರಡು ಸೀರೆ, ಕನ್ನಡಕದ ಡಬ್ಬಿ, ಮಂಡಿಗೆ ಹಚ್ಚುವ ಎಣ್ಣೆಯ ಸೀಸೆ ಇದ್ದವು. ಮಂಚದ ಪಕ್ಕ ನಿಂತಳು.

ಸೊಸೆ ಆ ಬಟ್ಟೆಗಳನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಆಮೇಲೆ ಬಾಗಿ, ಸೂಟ್‌ಕೇಸಿನಲ್ಲಿದ್ದ ತನ್ನ ಬಟ್ಟೆಗಳನ್ನು ಎರಡೂ ಕೈಯಿಂದ ಒಂದು ಬದಿಗೆ ಒತ್ತಿದಳು.